ಎಂಟು ಕಾಲಿನ ಕುದುರೆ

ಸತ್ತ ಗಂಡನನ್ನು ಸಂಭಾಳಿಸುವುದು ಸುಲಭ. ಕಲ್ಲು ನೆಟ್ಟು, ಅದರ ಬುಡಕ್ಕೆ ಬಿಯರ್ ಹೊಯ್ದು, ಕಣ್ಣೊರೆಸಿಕೊಂಡು ಹೊಲಕ್ಕೆ ಹೋದರಾಯಿತು. ಸತ್ತನೆಂದು ಕಲ್ಲು ನೆಟ್ಟ ಮೇಲೆ ತಿರುಗಿ ಬಂದ ಗಂಡನನ್ನು ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಗಂಡ ಬೋತ್ಮುಂಡ್ ಸಮುದ್ರ ದಾಟಿ ಪೂರ್ವದ ನದಿಗಳ ಕಡೆ ತುಪ್ಪಳದ ವ್ಯಾಪಾರಕ್ಕೆ ಹೋಗಿದ್ದ. ಜೊತೆಯವರು ಅವನಿಲ್ಲದೆ ಬಂದರು. ದಡದಲ್ಲಿ ಹೊಡೆದಾಟವಾಯಿತು, ಹೆಗಲಿಗೆ ಬಾಣ ನೆಟ್ಟು ಹೊಳೆಗೆ ಬಿದ್ದದ್ದನ್ನು ಕಣ್ಣಾರೆ ಕಂಡೆವು ಎಂದರು. ಆಯುಧಕ್ಕೆ ಬಿದ್ದವನು ಓದಿನ್ ದೇವರ ಸಭೆ ಸೇರುತ್ತಾನೆ. ಹಾಸಿಗೆಯಲ್ಲಿ ಸತ್ತವನಿಗೆ ಮಣ್ಣಿನಡಿ ಹೆಲ್ ಎಂಬವಳ ತಣ್ಣಗಿನ ಮನೆಯೇ ಗತಿ. ಹಾಗಾಗಿ ನಮ್ಮತ್ತೆ ಹೈಲ್ವಿ ಎದೆ ಬಡಿದುಕೊಂಡು ಅತ್ತಳು, ಅತ್ತು ಮುಗಿಸಿದ ಮೇಲೆ ತಲೆ ಎತ್ತಿ ನಡೆಯತೊಡಗಿದಳು.

ಕಲ್ಲು ಕೆತ್ತಲು ಲಿಕ್ನಾತನನ್ನೇ ಕರೆಸಿದಳು. ನಮ್ಮ ದ್ವೀಪದಲ್ಲಿ ಅವನನ್ನು ಮೀರಿಸುವ ಉಳಿ ಇಲ್ಲ, ಅವನ ಜಂಬವನ್ನು ಮೀರಿಸುವ ಜಂಬವೂ ಇಲ್ಲ. ಕೆಳಗೆ ಹಾಯಿ ಬಿಚ್ಚಿದ ಹಡಗು, ಮೇಲೆ ಓದಿನ್ನನ ಎಂಟು ಕಾಲಿನ ಕುದುರೆಯನ್ನೇರಿದ ಬೋತ್ಮುಂಡ್, ಎದುರಿಗೆ ಕೊಂಬಿನ ತುಂಬ ಬಿಯರ್ ಹಿಡಿದು ಸ್ವಾಗತಿಸುವ ಓದಿನ್ನನ ಸಭೆಯ ಹೆಣ್ಣು. ಕೆಂಪು, ಕಪ್ಪು ಬಣ್ಣ ಬಳಿದು ದಾರಿಯ ತಿರುವಿನಲ್ಲಿ ನಿಲ್ಲಿಸಿದರು. ಅಂದಿನಿಂದ ಊರಿನ ಔತಣಗಳಲ್ಲಿ ಅತ್ತೆಗೆ ಬೆಂಕಿಯ ಪಕ್ಕದ ಜಾಗ, ಮೊದಲ ತುತ್ತು.

ಎರಡು ಚಳಿಗಾಲ ಕಳೆದ ಮೇಲೆ, ಹೆರಿಂಗ್ ಮೀನಿನ ದೋಣಿಯೊಂದರಿಂದ ಬೋತ್ಮುಂಡ್ ಇಳಿದು ಬಂದ. ಹೊಳೆಯ ಬೆಸ್ತರು ಎತ್ತಿ ಬದುಕಿಸಿದ್ದರಂತೆ. ಅವರ ಬಲೆ ಹೆಣೆದುಕೊಂಡು ಇದ್ದನಂತೆ. ನಾನು ಅವನ ಕುತ್ತಿಗೆಗೆ ಬಿದ್ದು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಮಾತ್ರ ಹತ್ತಿರ ಬರಲಿಲ್ಲ. ಎದ್ದುಬಂದ ಹೆಣವೋ ಏನೋ ಎಂದು ಕಬ್ಬಿಣದ ಸಲಾಕೆಯಿಂದ ಅವನ ತೋಳಿಗೆ ತಿವಿದು, ರಕ್ತ ಬಂದದ್ದನ್ನು ನೋಡಿ, "ಬದುಕವ್ನೆ" ಎಂದಳು. ಹಾಲು ಒಡೆದಿದೆ ಎನ್ನುವ ದನಿ ಅದು.

ನನ್ನ ಸಂತೋಷ ಅವನು ಕಲ್ಲು ನೋಡುವವರೆಗೆ ಇತ್ತು.

ಆಮೇಲೆ ದಿನ ಬೆಳಗಾದರೆ ಅದರ ಮುಂದೆ ಕುಕ್ಕರುಬಡಿಯುವುದು. ಕುರಿಯ ಉಣ್ಣೆ ಕತ್ತರಿಸಬೇಕು, ಬಾರ್ಲಿ ಬಿತ್ತಬೇಕು, ಇವನು ಅಲ್ಲಿ!

"ಗಡ್ಡ ಎಷ್ಟು ಚೆನ್ನಾಗ್ ಬಂದೈತೆ ನೋಡೇ, ರೋದ್ವಿ."

"ಆ ಗಡ್ಡ ಕುರಿ ಮೇಯ್ಸುತ್ತಾ? ಏಳು ಮೇಲೆ."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಒಂದು ಸಂಜೆ ಗಂಜಿ ಕುಡಿಯುತ್ತ, ಗಾಳಿ ತಿರುಗಿದ ಕೂಡಲೇ ಪೂರ್ವಕ್ಕೆ ಹಡಗು ಹೊರಡುತ್ತದೆ, ತಾನೂ ಹೋಗುತ್ತೇನೆ ಎಂದ.

"ತುಪ್ಪಳಕ್ಕಾ?"

"ಸಾಯಕ್ಕೆ" ಎಂದ, ಉಪ್ಪು ಕೊಡು ಎನ್ನುವಷ್ಟು ಸಲೀಸಾಗಿ. "ನನ್ನನ್ನ ಓದಿನ್‌ಗೆ ಕೊಟ್ಟಾಗಿದೆ ಕಣೇ. ಇಲ್ಲಿ ಕೆಮ್ಮಿ ಕೆಮ್ಮಿ ಹಾಸಿಗೇಲಿ ಸತ್ತರೆ ಕಲ್ಲು ಸುಳ್ಳು ಹೇಳ್ದಂಗಾಗುತ್ತೆ. ದಾರೀಲಿ ಹೋಗೋರೆಲ್ಲಾ ನಗ್ತಾರೆ."

ನಾನು ಅತ್ತೆಯ ಮುಖ ನೋಡಿದೆ. ಹೆತ್ತವಳು, ತಡೆಯುತ್ತಾಳೆ ಎಂದುಕೊಂಡೆ.

"ದೇವ್ರಿಗೆ ಕೊಟ್ಟಿದ್ದನ್ನ ಮನೇಲಿಟ್ಕೊಂಡ್ರೆ ಒಳ್ಳೇದಾಗಲ್ಲ, ಬಿಡೇ" ಎಂದಳು ಆ ಮಹಾತಾಯಿ.

ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸೋಣ ಅನ್ನಿಸಿತು. ಎರಡು ವರ್ಷ ಒಂಟಿಯಾಗಿ ಮಲಗಿದವಳು ನಾನು. ಮತ್ತೊಮ್ಮೆ ಆ ಹಾಸಿಗೆ ನನಗೆ ಬೇಡವಾಗಿತ್ತು.

ಮರುದಿನ ಲಿಕ್ನಾತನ ಮನೆಗೆ ಓಡಿದೆ. "ಅಣ್ಣಾ, ನಾಲ್ಕೇ ನಾಲ್ಕು ಕಾಲು ಕೆತ್ತಿ ತೆಗೆದುಬಿಡು. ಆಗ ಅದು ಮಾಮೂಲಿ ಕುದುರೆ. ಗಂಡ ಮನೆಗೆ ಬಂದ, ಹೆಂಡ್ತಿ ಬಿಯರ್ ಕೊಟ್ಟಳು, ಅಷ್ಟೇ. ಕಲ್ಲೂ ಸುಳ್ಳಾಗಲ್ಲ, ಅವನೂ ಸಾಯಬೇಕಾಗಿಲ್ಲ."

ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ಒಂದಕ್ಕೊಂದು ತಾಗದಂಗೆ ಎಂಟು ಕಾಲು ಕೂರ್ಸೋದು ಅಂದ್ರೆ ಏನಂದ್ಕೊಂಡಿದ್ದೀಯ? ನಿನ್ನ ಗಂಡ ಹೋದ್ರೆ ಹೋಗ್ಲಮ್ಮಾ, ನನ್ನ ಕುದುರೆ ಮುಟ್ಬೇಡ."

ಗಾಳಿ ತಿರುಗಿದ ಬೆಳಿಗ್ಗೆ ಬೋತ್ಮುಂಡ್ ಕೊಡಲಿ ಮಸೆಯುತ್ತಿದ್ದ. ನಾನು ಮನೆಯಲ್ಲಿದ್ದ ಸುತ್ತಿಗೆ, ಮರ ಕೆತ್ತುವ ಉಳಿ ತೆಗೆದುಕೊಂಡು ತಿರುವಿಗೆ ಹೋದೆ. ಹೊಡೆದೆ. ಸುಣ್ಣಕಲ್ಲು ಮೆದು ಎನ್ನುತ್ತಾರೆ, ಸುಳ್ಳು. ಮುಂದಿನ ಎರಡು ಕಾಲು ಹೋದವು, ಬೆರಳು ಜಜ್ಜಿತು, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹಿಂದಿನ ಕಾಲಿಗೆ ಕೈ ಹಾಕಿದಾಗ ಉಳಿ ಜಾರಿ, ಎರಡು ಕಾಲು ಹೋಗಬೇಕಾದಲ್ಲಿ ಮೂರು ಚಕ್ಕೆಯೆದ್ದು ಬಂದವು.

ಸದ್ದು ಕೇಳಿ ಊರೇ ಸೇರಿತ್ತು. ಲಿಕ್ನಾತ ಮುಖ ಮುಚ್ಚಿಕೊಂಡಿದ್ದ. ಗಂಡ ಜನರನ್ನು ಸರಿಸಿಕೊಂಡು ಬಂದು, ಕಲ್ಲು ನೋಡಿ, ಕಾಲು ಎಣಿಸಿದ.

"ಲೇ, ಈ ಮೂರು ಕಾಲಿನ ಕುದುರೆ ಹತ್ತಿ ನಾನು ಎಲ್ಲಿಗೆ ಹೋಗ್ಲೇ?"

"ಎಲ್ಲಿಗೂ ಹೋಗ್ಬೇಡ!" ಎಂದು ಚೀರಿದೆ. "ಸಾಕಾಗಿದೆ ನಂಗೆ. ದೇವರ ಸಭೇಲಿ ಜನಕ್ಕೇನು ಬರಗಾಲನಾ? ನಂಗೆ ಇರೋದು ನೀನೊಬ್ಬ."

ಅವನು ಕೈಯೆತ್ತಿದ. ಹೊಡೆಯುತ್ತಾನೆ ಎಂದೇ ತಿಳಿದೆ. ಅಷ್ಟರಲ್ಲಿ ಅತ್ತೆ ಜನರ ನಡುವಿನಿಂದ ಓಡಿ ಬಂದು, ನಮ್ಮಿಬ್ಬರನ್ನೂ ದಾಟಿ, ಕಲ್ಲನ್ನು ತಬ್ಬಿಕೊಂಡಳು. ಒಡೆದ ಜಾಗವನ್ನು ಸವರುತ್ತ, ಕಲ್ಲಿನ ಗಡ್ಡಕ್ಕೆ ಕೆನ್ನೆ ಒತ್ತಿ, "ಬೋತ್ಮುಂಡ್, ನನ್ನಪ್ಪಾ, ಏನ್ ಮಾಡ್ಬಿಟ್ಲೋ ನಿಂಗೆ" ಎಂದು ಅಳತೊಡಗಿದಳು. ಮಗ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ.

ಎತ್ತಿದ ಕೈ ಹಾಗೆಯೇ ಇಳಿಯಿತು. ಅವನ ಮುಖ ಕಂಡು ನನ್ನ ಸಿಟ್ಟೆಲ್ಲ ಕರಗಿತು. ಇಷ್ಟು ದಿನ ಅವನು ಆ ಕಲ್ಲಿನವನ ಬಗ್ಗೆ ಹೆಮ್ಮೆಪಟ್ಟಿದ್ದ, ಈಗ ಅವನನ್ನು ಕಂಡು ಹೊಟ್ಟೆಕಿಚ್ಚುಪಡುತ್ತಿದ್ದ.

"ಅವ್ವಾ" ಎಂದು ಅವಳ ಹೆಗಲು ಮುಟ್ಟಿದ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಮುಟ್ಟಿದ. "ಅವ್ವಾ, ಇತ್ಲಾಗ್ ತಿರುಗು. ನಾನು ಇಲ್ಲಿದ್ದೀನಿ."