ಹಿಂಬದಿ ಸೀಟಿನ ಕೆಳಗಿನ ಪ್ಲಗ್

ತಂಗಿಯ ಗಂಡನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ತಂಗಿ ಪುಟ್ಟ ಮಗನನ್ನು ಗಂಡನ ಬಳಿಯೇ ಬಿಟ್ಟು, ತುಟಿ ಒಡೆದುಕೊಂಡು ಒಬ್ಬಳೇ ನನ್ನ ಮನೆಗೆ ಬಂದಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಈಗ ಅವಳನ್ನು ಕರೆದೊಯ್ಯಲು ಬಂದ ಮಹಾಶಯ, ಗ್ಯಾರೇಜು ಹೆಂಡತಿಯ ಅಕ್ಕನದು ತಾನೇ ಎಂದು ತನ್ನ ಹಳೇ ಕಾರನ್ನೂ ನನ್ನ ತಲೆಗೆ ಕಟ್ಟಿದ.

"ಬ್ರೇಕಿನ ಎಬಿಎಸ್ ದೀಪ ಆರ್ತಾನೇ ಇಲ್ಲ ಅಕ್ಕ. ಸರಿ ಮಾಡಿಕೊಡಿ, ಅವಳನ್ನ ಕರ್ಕೊಂಡು ಹೊರಡ್ತೀನಿ."

"ಬರಲ್ಲ ಅಂದ್ರೆ?"

"ಮಗ ನನ್ನ ಹತ್ರ ಇದಾನೆ. ಬರದೆ ಎಲ್ಲಿ ಹೋಗ್ತಾಳೆ?" ಎಂದು ನಕ್ಕ.

ಒಳಗೆ ತಂಗಿ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಹೋಗಬೇಡವೇ ಎಂದು ಎಷ್ಟು ಹೇಳಿದರೂ ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ.

ಸಿಟ್ಟು ನುಂಗಿಕೊಂಡು ಸ್ಕ್ಯಾನರ್ ಸಿಕ್ಕಿಸಿದೆ. ಹಿಂದಿನ ಬಲ ಚಕ್ರದ ವೇಗ ತಿಳಿಯುತ್ತಿಲ್ಲ ಎಂದಿತು. ಅರೆಬೆಂದ ಮೆಕ್ಯಾನಿಕ್ಕಾದರೆ ಕೂಡಲೇ ಚಕ್ರದ ಸೆನ್ಸರ್ ಕಿತ್ತೆಸೆಯುತ್ತಾನೆ. ನಾನು ಮೀಟರ್ ಹಿಡಿದು ನೋಡಿದೆ; ಸೆನ್ಸರ್ ಚೆನ್ನಾಗಿಯೇ ಇತ್ತು. ಹಾಗಾದರೆ ದೋಷ ವೈರಿನಲ್ಲಿ. ಈ ಕಾರಿನಲ್ಲಿ ಅದರ ಪ್ಲಗ್ ಹಿಂಬದಿ ಸೀಟಿನ ಕೆಳಗಿರುತ್ತದೆ. ಸೀಟು ಎತ್ತಿದೆ. ಸೀಟಿನ ಕೊಕ್ಕೆ ಮುರಿದಿತ್ತು, ಯಾರದೋ ಒದ್ದಾಟದಲ್ಲಿ ಸೀಟು ಸರಿದು ಪ್ಲಗ್ ಕಿತ್ತು ಬಂದಿತ್ತು. ಪಕ್ಕದಲ್ಲಿ ಒಣಗಿದ ರಕ್ತ. ರಕ್ತಕ್ಕೆ ಅಂಟಿಕೊಂಡು ಒಂದು ಹಲ್ಲು.

ಬಚ್ಚಲಂತೆ, ಬಚ್ಚಲು. ಜಾಕಿನ ಸಲಾಕೆ ಕೈಗೆ ಸಿಕ್ಕಿತು. ಮೊದಲ ಏಟು ಅವನ ಮೊಣಕಾಲಿಗೆ. ಕುಸಿದ. ಮುಂದಿನದು ಭುಜಕ್ಕೆ, ಮೂಳೆ ಮುರಿದದ್ದು ನನ್ನ ಅಂಗೈಗೂ ತಿಳಿಯಿತು. ಅಕ್ಕ, ಅಕ್ಕ ಎನ್ನುತ್ತ ಎಣ್ಣೆ ನೆಲದ ಮೇಲೆ ತೆವಳಿದ. ಕೊರಳಪಟ್ಟಿ ಹಿಡಿದೆತ್ತಿ ಮುಖವನ್ನು ಕಾರಿನ ಬಾಗಿಲಿಗೆ ಅಪ್ಪಳಿಸಿದೆ, ಮತ್ತೆ ಅಪ್ಪಳಿಸಿದೆ. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು.

ತಂಗಿ ಓಡಿ ಬಂದಳು.

"ಹಲ್ಲು ಉದುರಿಸಿದವನ ಜೊತೆ ಹೋಗ್ತೀಯೇನೇ?" ಎಂದು ಸೀಟಿನ ಕೆಳಗಿನ ಹಲ್ಲನ್ನು ಎತ್ತಿ ಅಂಗೈಯಲ್ಲಿಟ್ಟು ಚಾಚಿದೆ.

ಅವಳು ಹಲ್ಲನ್ನೇ ನೋಡಿದಳು. ಆಮೇಲೆ ಒಡೆದ ತುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. ಅವಳ ಹಲ್ಲುಗಳೆಲ್ಲ ಇದ್ದವು.

"ನಂದಲ್ಲಕ್ಕ. ಮಗುದು."

ಆಗ ನನ್ನ ಅಂಗೈ ಸರಿಯಾಗಿ ನೋಡಿದೆ. ಅಕ್ಕಿಕಾಳಿಗಿಂತ ಕೊಂಚ ದೊಡ್ಡದು, ಅಷ್ಟೇ.

"ಕಾರಲ್ಲಿ ಇವರು ಅವನನ್ನ ಹೊಡೀವಾಗ ಅಡ್ಡ ಹೋದೆ. ನನ್ನನ್ನ ಆಚೆ ತಳ್ಳಿ ಹೋದ್ರು. ಯಾರ ಹತ್ರಾನಾದ್ರೂ ಬಾಯಿ ಬಿಟ್ರೆ ಮಗನ ಮುಖ ತೋರಿಸಲ್ಲ ಅಂದಿದ್ರು."

"ಈಗ ಮಗು ಯಾರ ಹತ್ರ ಇದೆ?"

"ಯಾರ ಹತ್ರಾನೂ ಇಲ್ಲ. ಹೊರಗಿಂದ ಬೀಗ ಹಾಕ್ಕೊಂಡು ಬಂದಿರ್ತಾರೆ."

ನೆಲದಲ್ಲಿ ಬಿದ್ದಿದ್ದವನ ಜೇಬಿಗೆ ಕೈ ಹಾಕಿ ಮನೆಯ ಬೀಗದ ಕೈ ಕಿತ್ತುಕೊಂಡೆ. ತಂಗಿ ತನ್ನ ಗಂಡನನ್ನು ದಾಟಿಕೊಂಡು ಬಂದು ಕಾರಿನಲ್ಲಿ ಕುಳಿತಳು.