ಬೀಳಲೊಲ್ಲದ ಬೋಗುಣಿ

ಮದುವೆಯ ಹಿಂದಿನ ದಿನ ಮನೆಯ ಹಿರಿಯಳು ಪಿಂಗಾಣಿ ಬೋಗುಣಿಯೊಂದನ್ನು ಎಸೆದು ಒಡೆಯಬೇಕು, ಚೂರುಗಳನ್ನು ವಧೂವರರಿಬ್ಬರೂ ಸೇರಿ ಗುಡಿಸಬೇಕು. ಜರ್ಮನಿಯ ಓಲ್ಡನ್‌ಬರ್ಗ್ ಕಡೆಯವರೆಲ್ಲ ಇದನ್ನು ತೆಪ್ಪಗೆ ಮನೆಯಂಗಳದಲ್ಲಿ ಮುಗಿಸಿ ಬಿಯರ್ ಕುಡಿಯುತ್ತಾರೆ. ನಮ್ಮ ವರ ಹೆನ್ನಿಂಗ್ ಮಹಾಶಯನಿಗೆ ಅಷ್ಟು ಸಾಲದು! ತಾನು ಕೆಲಸಕ್ಕಿದ್ದ ಗಾಳಿಕೊಳವೆಯಲ್ಲೇ ಆಗಬೇಕೆಂದು ಹಟ ಹಿಡಿದ. ಜನರನ್ನು ತೇಲಿಸಲೆಂದು ಅಡಿಯಿಂದ ಫ್ಯಾನು ಗಾಳಿ ನುಗ್ಗಿಸುವ, ಮೇಲೂ ಕೆಳಗೂ ಬಲೆ ಕಟ್ಟಿದ ದೊಡ್ಡ ಗಾಜಿನ ಕೊಳವೆ ಅದು. ಬೀಳುವ ವಸ್ತುವಿನ ಅಂತಿಮ ವೇಗ, ಅಂದರೆ ಗಾಳಿಯ ತಡೆಯಿಂದಾಗಿ ಇನ್ನು ಹೆಚ್ಚಲಾರದ ವೇಗ, ಎಷ್ಟೋ ಅಷ್ಟೇ ವೇಗದ ಗಾಳಿ ಕೊಟ್ಟರೆ, ಅದು ಬೀಳುತ್ತಲೇ ಇದ್ದಲ್ಲೇ ಇರುತ್ತದೆ.

ವಧು ವೀಬ್ಕೆಯ ಅಜ್ಜಿ ಆಲ್‌ಹೈಡ್ ತನ್ನ ಮದುವೆಯ ಕಾಲದ ಸೂಪಿನ ಬೋಗುಣಿಯನ್ನು ಬಾಗಿಲಿನಿಂದ ಒಳಗೆಸೆದಳು. ಅದು ಅವಳ ಮೂಗಿನೆದುರೇ ತೇಲುತ್ತ ನಿಂತಿತು. ನೆಂಟರು ಚಪ್ಪಾಳೆ ತಟ್ಟಿದರು. ಅಜ್ಜಿ ತಟ್ಟಲಿಲ್ಲ.

“ಒಡೀಲಿಲ್ವಲ್ಲೋ!” ಫ್ಯಾನಿನ ಸದ್ದನ್ನೂ ಮೀರಿಸುವ ಗಂಟಲು ಅವಳದು.

“ಬೀಳ್ತಾನೇ ಇದೆ ಅಜ್ಜಿ, ಅಂತಿಮ ವೇಗದಲ್ಲಿ!” ಎಂದ ಹೆನ್ನಿಂಗ್.

“ನಿನ್ನ ವೇಗಕ್ಕಿಷ್ಟು ಬೆಂಕಿ ಹಾಕ! ಒಡೀದೆ ನಾಳೆ ಮದ್ವೆ ಇಲ್ಲ.”

ಹೆನ್ನಿಂಗ್ ಫ್ಯಾನಿನ ಗುಂಡಿಯತ್ತ ಓಡಿದ. ಗಾಳಿ ನಿಲ್ಲಿಸಿದ. ಬೋಗುಣಿ ಕೆಳಗಿನ ಬಲೆಯ ಮೇಲೆ ಕುಪ್ಪಳಿಸಿ ಸುಖವಾಗಿ ಕೂತಿತು. ಹೊರಗೆ ತಂದು ಒಡೆಯೋಣವೆಂದರೆ, ಎಸೆದದ್ದನ್ನು ಮತ್ತೆ ಕೈಯಲ್ಲಿ ಮುಟ್ಟುವಂತಿಲ್ಲ ಎಂದಳು ಅಜ್ಜಿ.

“ಕೈಯಲ್ಲಿ ತಾನೇ?” ಎಂದವನೇ ಹೆನ್ನಿಂಗ್ ಹೆಲ್ಮೆಟ್ ಹಾಕಿಕೊಂಡು ಒಳಗೆ ಹಾರಿದ. ವೀಬ್ಕೆ ಗಾಳಿಯ ಗುಂಡಿ ತಿರುಗಿಸಿದಳು. ಬೋಗುಣಿ ಎದ್ದಿತು, ಅವನು ಏಳಲಿಲ್ಲ. ಅವನ ಅಂತಿಮ ವೇಗ ಅದಕ್ಕಿಂತ ಬಹಳ ಹೆಚ್ಚು. ಇನ್ನಷ್ಟು ತಿರುಗಿಸಿದಳು. ಬೋಗುಣಿ ಮೇಲಿನ ಬಲೆಗೆ ಅಂಟಿಕೊಂಡಿತು. ಕೊನೆಗೆ ಹೆನ್ನಿಂಗನೂ ಎದ್ದ, ಸುಯ್ಯೆಂದು ಹೋಗಿ ತಲೆಯಿಂದ ಡಿಕ್ಕಿ ಹೊಡೆದ. ಬೋಗುಣಿ ಚೂರುಚೂರಾಯಿತು! ಆದರೆ ಚೂರುಗಳೂ ಬೀಳದೆ ಮೇಲಿನ ಸಣ್ಣ ಕಣ್ಣಿನ ಬಲೆಗೇ ಅಂಟಿಕೊಂಡು ಉಳಿದವು.

“ಇನ್ನು ಗುಡಿಸಿ,” ಎಂದಳು ಅಜ್ಜಿ.

ಗಾಳಿ ನಿಲ್ಲಿಸಿದರೆ ಚೂರುಗಳು ಕೆಳಗಿನ ಬಲೆಯ ದೊಡ್ಡ ಕಣ್ಣುಗಳಲ್ಲಿ ನುಸುಳಿ ಫ್ಯಾನಿಗೆ ಬೀಳುತ್ತಿದ್ದವು. ವೀಬ್ಕೆ ಗುಂಡಿಯನ್ನು ಅಜ್ಜಿಗೆ ವಹಿಸಿ, ಪೊರಕೆ ಹಿಡಿದು ಹಾರಿದಳು. ಹಗುರ ಹುಡುಗಿ, ಸರ್ರನೆ ಮೇಲೆ ಹೋದಳು. ಅಜ್ಜಿ ಗಾಳಿ ತಗ್ಗಿಸಿದಳು, ಹೆನ್ನಿಂಗ್ ಕೆಳಗಿಳಿದ. ಗಾಳಿ ವೀಬ್ಕೆಗೆ ಸರಿಹೊಂದಿದರೆ ಇವನು ಬೀಳುತ್ತಾನೆ, ಇವನಿಗೆ ಹೊಂದಿದರೆ ಅವಳು ಹಾರುತ್ತಾಳೆ.

“ಹೆನ್ನಿಂಗ್, ನನ್ನನ್ನ ಹಿಡ್ಕೊಳ್ಳೋ!” ವೀಬ್ಕೆ ಕಿರುಚಿದಳು.

ಎದುರಾದಾಗ ಅವನು ಅವಳ ಕೈಯನ್ನು ಗಬಕ್ಕನೆ ಹಿಡಿದ. ಇಬ್ಬರೂ ಒಂದೇ ಎತ್ತರದಲ್ಲಿ ನಿಂತರು, ಮೇಲಿನ ಬಲೆಯ ಕೆಳಗೆ ಗಾಳಿಯ ಮೇಲೆ ಮಲಗಿ ಪೊರಕೆಯಾಡಿಸತೊಡಗಿದರು.

“ಅಜ್ಜಿ, ಸಾಕು ಇಳಿಸಿ!” ಹೆನ್ನಿಂಗ್ ಕೂಗಿದ.

“ಮೂಲೇಲಿ ಇನ್ನೊಂದು ಚೂರಿದೆ,” ಎಂದಳು ಅಜ್ಜಿ, ಬಿಯರ್ ಲೋಟ ಎತ್ತುತ್ತ. “ಕೈ ಬಿಡದೆ ಗುಡಿಸ್ರೋ. ನನ್ನ ಪಾಲಿಗೆ ಮದ್ವೆ ಆಗೋಯ್ತು.”