ಸೋರದ ಕರೆಂಟು

ಸಿದ್ದಾಪುರದ ರೈತರು ಸುಟ್ಟ ಮೋಟರನ್ನೇ ಗಂಗಾವತಿಯ ವಿದ್ಯುತ್ ಕಚೇರಿಗೆ ಹೊತ್ತು ತಂದಿದ್ದರು. ಅವರಲ್ಲೊಬ್ಬನಾದ ವಿರುಪಣ್ಣ ಅದನ್ನು ಎಂಜಿನಿಯರ್ ಪಂಪಾವತಿಯ ಮೇಜಿನ ಮುಂದೆ ಇಳಿಸಿ, "ನೋಡ್ರಿ ಮೇಡಂ, ಕಮಟು ವಾಸನಿ ಇನ್ನೂ ಹೋಗಿಲ್ಲ. ನೀವು ಕಳಸೂ ಕರೆಂಟು ನಮ್ಮ ಗದ್ದಿಗೆ ಬರೂದ್ರಾಗ ಅರ್ಧ ಸತ್ತಿರತೈತಿ" ಎಂದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಉದ್ದದ ತಂತಿಯಲ್ಲಿ ಹರಿಯುವಾಗ ವಿದ್ಯುತ್ತಿನ ಒಂದು ಪಾಲು ಶಾಖವಾಗಿ ಸೋರಿಹೋಗುತ್ತದೆ. ತುದಿಯ ಮೋಟರಿಗೆ ವೋಲ್ಟೇಜು ಸಾಲದೆ ಅದು ಕಾದು ಸುಡುತ್ತದೆ. ಪಂಪಾವತಿ ರಾಯಚೂರಿನ ಜಿಲ್ಲಾ ಕಚೇರಿಗೆ ಹತ್ತಾರು ಸಲ ಓಡಾಡಿ ಊರ ಹತ್ತಿರ ಇನ್ನೊಂದು ಟ್ರಾನ್ಸ್‌ಫಾರ್ಮರ್ ಹಾಕಿಸಿದಳು. ಆ ಸುಗ್ಗಿಗೆ ವಿರುಪಣ್ಣ ಒಂದು ಚೀಲ ಅಕ್ಕಿ ಕಳಿಸಿದ. ಅವಳು ಅದನ್ನು ವಾಪಸ್ಸು ಕಳಿಸಿದ್ದಕ್ಕೆ ಬೇಜಾರೂ ಮಾಡಿಕೊಂಡ.

ಸೋರದ ತಂತಿಯೊಂದು ಇದೆ ಎಂಬುದನ್ನು ಅವಳು ಅವನಿಗೆ ಹೇಳಿರಲಿಲ್ಲ. ಯಲಬುರ್ಗಾದ ಕಾಳಿನ ವ್ಯಾಪಾರಿ ವಿರೂಪಾಕ್ಷಪ್ಪನ ಮಗಳಾದ ಅವಳು ಎಪ್ಪತ್ತೈದನೇ ಇಸವಿಯಲ್ಲಿ ಸಂಶೋಧನೆಗೆಂದು ಬೆಂಗಳೂರಿಗೆ ಹೋಗಿ, ಏಳು ವರ್ಷ ಅದೇ ತಂತಿಯ ಹಿಂದೆ ಬಿದ್ದಿದ್ದಳು. ಕೆಲವು ಲೋಹಗಳನ್ನು ವಿಪರೀತ ತಣ್ಣಗೆ ಮಾಡಿದರೆ ಕರೆಂಟಿಗೆ ಅಡ್ಡಿಯೇ ಇರುವುದಿಲ್ಲ. ಹಾಕಿದಷ್ಟೂ ಆಚೆ ಹೋಗಿ ಮುಟ್ಟುತ್ತದೆ. ಆದರೆ ಅಷ್ಟು ತಣ್ಣಗೆ ಮಾಡಲು ದ್ರವ ಹೀಲಿಯಂ ಬೇಕು. ಅದು ಹೊರದೇಶದಿಂದ ಬರಬೇಕು, ಬಂದದ್ದು ಆವಿಯಾಗಿ ಹೋಗುತ್ತಿತ್ತು. ಕೊನೆಗೆ ಯೋಜನೆಯೇ ನಿಂತಿತು. ಪಂಪಾವತಿ ಡಾಕ್ಟರೇಟ್ ಹಿಡಿದುಕೊಂಡು ಬಂದು ಗಂಗಾವತಿಯ ಕುರ್ಚಿಯಲ್ಲಿ ಕೂತಳು. ಮನೆಯವರು ಮದುವೆಯ ಮಾತೆತ್ತಿ ಎತ್ತಿ ಸೋತು ಸುಮ್ಮನಾಗಿದ್ದರು.

ಎಂಬತ್ತೇಳರ ಬೇಸಿಗೆಯಲ್ಲಿ ಅವಳ ಹಳೆಯ ಗುರುಗಳ ಟ್ರಂಕ್ ಕಾಲ್ ಬಂತು. ಹೊಸ ಪದಾರ್ಥವೊಂದು ಸಿಕ್ಕಿದೆ, ಅದಕ್ಕೆ ಹೀಲಿಯಂ ಬೇಡ, ದ್ರವ ಸಾರಜನಕ ಸಾಕು. ಅದರಿಂದ ತಂತಿ ಮಾಡಲು ಮೂರು ವರ್ಷದ ತಾತ್ಕಾಲಿಕ ಹುದ್ದೆ ಇದೆ, ಬರುತ್ತೀಯಾ ಎಂದು ಕೇಳಿದರು.

ಪಂಪಾವತಿ ರಜೆ ಹಾಕಿ ಬೆಂಗಳೂರಿಗೆ ಹೋದಳು. ಆ ಪದಾರ್ಥವನ್ನು ಕಣ್ಣಾರೆ ನೋಡಿದಳು. ಬರುವಾಗ ಅದರದೇ ರೂಪಾಯಿ ನಾಣ್ಯದಷ್ಟಗಲದ ಕರೀ ಬಿಲ್ಲೆಯೊಂದನ್ನೂ ಕಾಳಿನಷ್ಟು ಸಣ್ಣ, ಬಲವಾದ ಅಯಸ್ಕಾಂತವನ್ನೂ ಕೇಳಿ ತಂದಳು. ಕಾಯಂ ನೌಕರಿ ಬಿಡುವ ಮಾತನ್ನು ಅಪ್ಪನ ಮುಂದೆ ಬರೀ ಬಾಯಲ್ಲಿ ಹೇಳಲು ಅವಳಿಗೆ ಧೈರ್ಯ ಸಾಲದಾಗಿತ್ತು.

ಸಾರಜನಕ ಕೊಪ್ಪಳದ ದನದ ದವಾಖಾನೆಯಲ್ಲಿತ್ತು. ಹೋರಿಯ ವೀರ್ಯ ಕೆಡದಂತೆ ಅದರಲ್ಲಿ ಇಟ್ಟಿರುತ್ತಾರೆ. ಡಾಕ್ಟರು ಒಪ್ಪಿದ ಮೇಲೆ ಅಲ್ಲಿನ ಜವಾನ ಅಮೀನಸಾಬ ಅವಳ ಥರ್ಮಾಸಿಗೆ ಬಗ್ಗಿಸಿ ಕೊಟ್ಟ.

"ಎಮ್ಮಿ ಕಟ್ಟೀರೇನ್ರಿ ಮೇಡಂ?"

"ಇಲ್ಲರೀ, ನಮ್ಮಪ್ಪಗ ಒಂದು ಆಟ ತೋರಸೂದೈತಿ."

ಯಲಬುರ್ಗಾದ ಬಸ್ಸಿನಲ್ಲಿ ಸಡಿಲ ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಏಳುವುದನ್ನು ಕಂಡು ಪಕ್ಕದಲ್ಲಿದ್ದ ಮುದುಕಿ ಸೀಟು ಬಿಟ್ಟು ಎದ್ದು ಹೋದಳು. ದಾರಿಯುದ್ದಕ್ಕೂ ಪಂಪಾವತಿಗೆ ಇಡೀ ಸೀಟು.

ಮನೆಯ ಪಡಸಾಲೆಯಲ್ಲಿ ಅವಳು ಬಟ್ಟಲಿನಲ್ಲಿ ಬಿಲ್ಲೆ ಇಟ್ಟು ಸಾರಜನಕ ಸುರಿದಳು. ಅದು ಕಾದ ಹಂಚಿನ ಮೇಲೆ ನೀರು ಬಿದ್ದಂತೆ ಚುರುಗುಟ್ಟಿ, ಕುದಿದು, ಶಾಂತವಾಯಿತು. ಅಯಸ್ಕಾಂತವನ್ನು ಚಿಮಟದಿಂದ ಮೇಲಿಟ್ಟಳು. ಅದು ಬಿಲ್ಲೆಗೆ ತಾಗದೆ ಗಾಳಿಯಲ್ಲೇ ನಿಂತಿತು. ಅವ್ವ ಪಾರ್ವತೆಮ್ಮ ಕೈ ಮುಗಿದಳು. ವಿರೂಪಾಕ್ಷಪ್ಪ ಮಾತ್ರ ಬಗ್ಗಿ, ಕೆಳಗೆ ದಾರ ಗೀರ ಇದೆಯೇ ಎಂದು ಕಡ್ಡಿ ಆಡಿಸಿ ನೋಡಿದ. ಬಿಲ್ಲೆಯೊಳಗೆ ಸೋರದೆ ಸುತ್ತುವ ಕರೆಂಟೇ ಅದನ್ನು ಎತ್ತಿ ಹಿಡಿದಿದೆ ಎಂದು ಪಂಪಾವತಿ ಅವನಿಗೆ ಹೇಳಿದಳು.

"ಇದರಾಗ ಕರೆಂಟು ಸೋರೂದಿಲ್ಲ?"

"ಸೋರೂದಿಲ್ಲಪ್ಪಾ."

"ಹಂಗಾರ ಇದರ ತಂತಿ ಎಳೀರಿ."

"ಎಳಿಯಾಕ ಬರೂದಿಲ್ಲ. ಕಟಕ ರೊಟ್ಟಿ ಇದ್ದಂಗೈತಿ, ಬಗ್ಗಿಸಿದ್ರ ಮುರೀತೈತಿ. ಅದನ್ನ ತಂತಿ ಮಾಡೂದ ನನ್ನ ಕೆಲಸ."

"ಎಷ್ಟು ವರ್ಷ ಬೇಕು?"

"ಗೊತ್ತಿಲ್ಲ. ಆಗದನೂ ಇರಬಹುದು."

ವಿರೂಪಾಕ್ಷಪ್ಪ ಗೋಡೆಗೆ ಒರಗಿ ಕೂತ. ಅಯಸ್ಕಾಂತ ಇನ್ನೂ ತೇಲುತ್ತಿತ್ತು.

"ಗಂಗಾವತಿ ಕೆಲಸ ಬ್ಯಾಸರಾಗೇತೇನು?"

ಪಂಪಾವತಿ ಯೋಚಿಸಿದಳು. "ಬ್ಯಾಸರಿಲ್ಲ. ಅಲ್ಲಿ ಏನ ಕೆಟ್ಟರೂ ಏನ ಮಾಡಬೇಕಂತ ನನಗ ಗೊತ್ತಾಗತೈತಿ. ಈ ತಂತಿ ಕೆಲಸದಾಗ ಯಾರಿಗೂ ಗೊತ್ತಿಲ್ಲ. ಅದಕ್ಕ ಹೋಗಬೇಕನಸ್ತೈತಿ."

"ಹುಚ್ಚಿ," ಎಂದ ವಿರೂಪಾಕ್ಷಪ್ಪ. ಕೈಯಲ್ಲಿದ್ದ ಕಡ್ಡಿ ಬದಿಗಿಟ್ಟು, "ರಾಜೀನಾಮಿ ಕೊಡಬ್ಯಾಡ. ಪಗಾರಿಲ್ಲದ ರಜಾ ಕೊಡ್ತಾರೇನ ಕೇಳು" ಎಂದ.

ರಜೆ ಸಿಗಲಿಲ್ಲ. ಅವಳು ರಾಜೀನಾಮೆ ಕೊಟ್ಟಳು. ಅಪ್ಪ ಎರಡು ತಿಂಗಳು ಮಾತು ಬಿಟ್ಟ. ಅವ್ವ ಚಟ್ನಿಪುಡಿ ಕಳಿಸುತ್ತಲೇ ಇದ್ದಳು.

ಬೆಂಗಳೂರಿನಲ್ಲಿ ಕೆಲಸ ಹೆಸರಿಗೆ ವಿಜ್ಞಾನ, ನಿಜದಲ್ಲಿ ಅಕ್ಕಸಾಲಿಕೆ. ಕರೀ ಪುಡಿಯನ್ನು ಬೆಳ್ಳಿಯ ಕೊಳವೆಯಲ್ಲಿ ತುಂಬಿ, ಎಳೆದು, ಚಪ್ಪಟೆ ಮಾಡಿ, ಕುಲುಮೆಯಲ್ಲಿಟ್ಟು ಕಾಯುವುದು. ಮೊದಲ ವರ್ಷದ ತುಣುಕುಗಳೆಲ್ಲ ಒಳಗೇ ಬಿರುಕುಬಿಟ್ಟವು. ಎರಡನೆಯ ವರ್ಷ ಕುಲುಮೆ ಕೆಟ್ಟಿತು. ಪ್ರಯೋಗಾಲಯದಲ್ಲಿ ಅವಳ ಜೊತೆಗಿದ್ದವನು ಬೇರೆ ಕೆಲಸ ಹಿಡಿದ. ಎಂಬತ್ತೊಂಬತ್ತರ ಕೊನೆಗೆ ಗೇಣುದ್ದದ ಒಂದು ಪಟ್ಟಿ, ಸಾರಜನಕದಲ್ಲಿ ಮುಳುಗಿದಾಗ, ಎರಡು ಆಂಪಿಯರ್ ಹೊತ್ತಿತು. ಮೀಟರಿನಲ್ಲಿ ವೋಲ್ಟೇಜು ಸೊನ್ನೆಯಿಂದ ಏಳಲಿಲ್ಲ. ಮೀಟರು ಕೆಟ್ಟಿದೆಯೆಂದು ಅವಳು ಬೇರೆ ಮೀಟರು ತಂದು ನೋಡಿದಳು. ಅದರಲ್ಲೂ ಸೊನ್ನೆ. ಕರೆಂಟು ಒಂದಿಷ್ಟೂ ಸೋರುತ್ತಿರಲಿಲ್ಲ.

ಮೂರು ಆಂಪಿಯರ್ ಹಾಕಿದಾಗ ವೋಲ್ಟೇಜು ಎದ್ದಿತು, ಪಟ್ಟಿ ಸೋತಿತು.

ಅವಳು ಎದ್ದು ಹೋಗಿ ಚಹಾ ಕುಡಿದಳು. ಅಂಗಡಿಯವನು ಚಿಲ್ಲರೆ ಇಲ್ಲವೆಂದು ಬಿಸ್ಕೀಟು ಕೊಟ್ಟ. ಅದನ್ನು ತಿನ್ನುತ್ತ ವಾಪಸ್ಸು ಬಂದು, ಮುಂದಿನ ಕೊಳವೆಗೆ ಪುಡಿ ಅರೆಯಲು ಕೂತಳು.